ಬೀಳುವವರು ಬೇಕಾಗಿದ್ದಾರೆ

ಎಲ್ಲದಕ್ಕೂ ಕಾರಣ ಒಂದು ಸೀನು. ಅದೂ ಮಾಸ್ಟರು ಸೀನಿದ್ದಲ್ಲ, ಟೈಲರ್ ಸೀನಿದ್ದು.

ಈ ಟೈಲರ್ ಇಪ್ಪತ್ತೆರಡು ವರ್ಷದಿಂದ, ವಾರಕ್ಕೆ ನಾಲ್ಕು ಸಂಜೆ, ಐಕಿಡೊ ಎಂಬ ಜಪಾನಿ ಸಮರವಿದ್ಯೆಯ ಮಾಸ್ಟರ ಕೈಯಲ್ಲಿ ಬಿದ್ದು ಬಿದ್ದು ಎದ್ದವನು. ಮುಂದಕ್ಕೆ ಬಿದ್ದಿದ್ದಾನೆ, ಹಿಂದಕ್ಕೆ ಬಿದ್ದಿದ್ದಾನೆ, ಗಾಳಿಯಲ್ಲಿ ಒಂದು ಸುತ್ತು ಹೊಡೆದು ಬೆನ್ನ ಮೇಲೆ ಬಿದ್ದಿದ್ದಾನೆ. ಇಷ್ಟು ವರ್ಷದಲ್ಲಿ ಅವನ ಕಿರುಬೆರಳು ಸಹ ಉಳುಕಿದ್ದಿಲ್ಲ. ಅಂಥವನು ಆ ದಿನ ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಬೆಲ್ಟ್ ಸಿಕ್ಕಿಸಲು ಬಗ್ಗಿದ. ಸೀನು ಬಂತು, ಸೀನಿದ. ಬಗ್ಗಿದವನು ಬಗ್ಗಿದ ಹಾಗೇ ಉಳಿದ.

"ಮಾಸ್ಟ್ರೇ, ಇವತ್ತು ಸಂಜೆ ಬರಕ್ಕಾಗಲ್ಲ" ಎಂದ ಫೋನಿನಲ್ಲಿ.

"ಯಾಕೆ, ಏನಾಯ್ತು?"

"ಸೀನಿದೆ."

"ಸೀನಿದ್ರೆ ಏನಾಯ್ತೀಗ? ಬಿಸಿನೀರು ಕುಡಿದು ಬಾ."

"ಬಗ್ಗಿ ಸೀನಿದೆ ಮಾಸ್ಟ್ರೇ. ಸೊಂಟ ಹಿಡ್ಕೊಂಡ್ಬಿಟ್ಟಿದೆ. ನೆಲ ಬಿಟ್ರೆ ಬೇರೇನೂ ಕಾಣಿಸ್ತಿಲ್ಲ. ಈ ಫೋನನ್ನೂ ನನ್ನ ಹೆಂಡ್ತಿ ಕೆಳಗಡೆಯಿಂದ ಹಿಡ್ಕೊಂಡು ಕೂತಿದ್ದಾಳೆ."

ಮಾಸ್ಟರ ಎದೆ ಧಸಕ್ಕೆಂದಿತು. ಟೈಲರನ ಸೊಂಟಕ್ಕಾಗಿ ಅಲ್ಲ. ಪಾಪ, ಅದಕ್ಕೂ ಒಂದು ಚೂರು ಮರುಗಿದರು ಅನ್ನಿ. ಆದರೆ ಅವರ ಕಣ್ಣ ಮುಂದೆ ಬಂದು ನಿಂತದ್ದು ಆ ದಿನದ ಸಂಜೆ ಆರು ಗಂಟೆ.

ಸಂಜೆ ಆರಕ್ಕೆ ಐಕಿಡೊ ಒಕ್ಕೂಟದ ದೊಡ್ಡ ಗುರುಗಳು ಬಂದು ಮಾಸ್ಟರನ್ನು ಐದನೇ ದರ್ಜೆಗೆ ಪರೀಕ್ಷೆ ಮಾಡುವವರಿದ್ದರು. ಐದನೇ ದರ್ಜೆ ಇಲ್ಲದವರು ಸ್ವಂತ ಹಾಲ್ ನಡೆಸುವಂತಿಲ್ಲ ಎಂದು ಒಕ್ಕೂಟ ಹೊಸ ನಿಯಮ ತಂದಿತ್ತು. ಮಾಸ್ಟರದು ನಾಲ್ಕನೇ ದರ್ಜೆ. ಪಾಸಾಗದಿದ್ದರೆ ಪೀಠೋಪಕರಣದ ಅಂಗಡಿಯ ಮೇಲಿರುವ ಅವರ ಮೂವತ್ತಾರು ಚಾಪೆಗಳ ಹಾಲ್, ಅವರ ಗುರು ಸಾಯುವ ಮುಂಚೆ ಕೈಗೆ ಬೀಗದಕೈ ಇಟ್ಟು ಕೊಟ್ಟ ಹಾಲ್, ಅವರ ಹಳೆಯ ಶಿಷ್ಯನೊಬ್ಬನ ಶಾಲೆಗೆ ಶಾಖೆಯಾಗಿ ಸೇರಿಹೋಗುತ್ತದೆ. ಆ ಶಿಷ್ಯನ ಶಾಲೆಯಲ್ಲಿ ಎ.ಸಿ. ಇದೆ, ಜ್ಯೂಸ್ ಕೌಂಟರ್ ಇದೆ. ಆ ಶಿಷ್ಯನಿಗೆ ಮೊದಲ ದಿನ ಬೆಲ್ಟ್ ಕಟ್ಟುವುದನ್ನು ತೋರಿಸಿಕೊಟ್ಟವರು ಇದೇ ಮಾಸ್ಟರು. ನೆನೆಸಿಕೊಂಡರೆ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಬ್ಬರೇ ಹೋಗಿ ಪರೀಕ್ಷೆ ಕೊಟ್ಟು ಬರೋಣವೆಂದರೆ ಐಕಿಡೊ ಹಾಗಲ್ಲ. ಅದರಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಯಾರಾದರೂ ಬಂದು ಕೈ ಹಿಡಿಯಬೇಕು. ಅವನ ರಭಸವನ್ನೇ ತಿರುಗಿಸಿ ಅವನನ್ನು ಬೀಳಿಸಬೇಕು. ಬರುವವನೇ ಇಲ್ಲದಿದ್ದರೆ ಮಾಸ್ಟರು ಹಾಲ್ ನಡುವೆ ಒಬ್ಬರೇ ಕೈ ಬೀಸುತ್ತ ಗಿರಗಿರ ತಿರುಗಬೇಕಾಗುತ್ತದೆ. ನೋಡಿದವರು ಜೇನುಹುಳ ಕಚ್ಚಿದೆಯೆಂದು ಓಡಿಬಂದಾರು. ಟೈಲರನನ್ನು ಬಿಟ್ಟು ಮಾಸ್ಟರಿಗಿದ್ದ ಶಿಷ್ಯರು ಐದು ಜನ. ಐವರೂ ಮೂರು ತಿಂಗಳಿಂದ ಮಂಡಿಯ ಮೇಲೆ ನಡೆಯುವುದನ್ನು ಕಲಿಯುತ್ತಿದ್ದರು. ಅವರನ್ನು ಎಸೆದರೆ ಪರೀಕ್ಷೆ ಅರ್ಧಕ್ಕೆ ನಿಲ್ಲಿಸಿ ಆಂಬುಲೆನ್ಸ್ ಕರೆಸಬೇಕಾಗುತ್ತಿತ್ತು.

ಮಾಸ್ಟರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಯೂನಿಫಾರ್ಮ್ ಹಾಕಿಕೊಂಡು ಹೊರಟಿದ್ದರು.

"ಒಂದಿನ ರಜ ಹಾಕಿ ನೀನೇ ಬೀಳಬಹುದಲ್ವಾ?" ಎಂದರು ಮಾಸ್ಟರು, ಆದಷ್ಟು ಮೆತ್ತಗೆ.

"ಬಿದ್ದೋರನ್ನ ಎತ್ತೋದು ರೀ ನನ್ನ ಕೆಲಸ. ಅಷ್ಟು ಬೇಕಾದ್ರೆ ಯಾರಿಗಾದ್ರೂ ಹೇಗೆ ಬೀಳೋದು ಅಂತ ನೀವೇ ಬಿದ್ದು ತೋರಿಸಿ."

"ನಾನಾ? ನಾನು ಬಿದ್ದು ಇಪ್ಪತ್ತೆರಡು ವರ್ಷ ಆಯ್ತು!"

ಇದನ್ನು ಮಾಸ್ಟರು ಪದಕ ತೋರಿಸುವವರ ಹಾಗೆ ಹೇಳಿದರು. ಚಿಕ್ಕ ವಯಸ್ಸಿನಲ್ಲಿ ಏಳು ವರ್ಷ ಅವರು ತಮ್ಮ ಗುರುವಿನ ಹಾಲ್ ಗುಡಿಸಿ, ಚಾಪೆ ಒರೆಸಿ, ದಿನಕ್ಕೆ ನೂರೈವತ್ತು ಸಲ ಬಿದ್ದವರು. ಗುರು ತೀರಿಕೊಂಡು ಹಾಲ್ ಕೈಗೆ ಬಂದ ದಿನ, ಇನ್ನು ಬೀಳುವ ಸರದಿ ಬೇರೆಯವರದು ಎಂದು ನಿಶ್ಚಯಿಸಿದ್ದರು. ಅಂದಿನಿಂದ ಮಂಚದ ಕೆಳಗೆ ಚಪ್ಪಲಿ ಹೋದರೂ ಬಗ್ಗದೆ ಕೋಲಿನಲ್ಲೇ ಎಳೆದುಕೊಳ್ಳುತ್ತಿದ್ದರು.

"ಹಾಗಾದ್ರೆ ಅಣ್ಣಂಗೆ ಹೇಳ್ತೀನಿ ಬಿಡಿ" ಎಂದು ಹೆಂಡತಿ ಮೆಟ್ಟಿಲಿಳಿದರು. ಲಿಫ್ಟ್ ಎರಡು ದಿನದಿಂದ ಕೆಟ್ಟಿತ್ತು.

ಅಣ್ಣಂಗೆ ಹೇಳ್ತೀನಿ ಎಂಬ ಮಾತು ಕೇಳಿದರೆ ಮಾಸ್ಟರಿಗೆ ಬೆವರು. ಹೆಂಡತಿಯ ಅಣ್ಣ, ಅಂದರೆ ಭಾವ, ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದರು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಯಾರ ಮನೆಯ ನಲ್ಲಿ ಸೋರಿದರೂ ಸ್ಪ್ಯಾನರ್ ಹಿಡಿದು ಮೊದಲು ಹೋಗುವವರು ಅವರೇ. ಪ್ಲಂಬರ್ ಬರುವ ಹೊತ್ತಿಗೆ ಅಕ್ಕಪಕ್ಕದ ಎರಡು ಮನೆಯಲ್ಲೂ ಸೋರಲು ಶುರುವಾಗಿರುತ್ತಿತ್ತು.

ಹತ್ತು ನಿಮಿಷದಲ್ಲಿ ಭಾವ ಹಾಜರಾದರು. "ಏನೂ ಯೋಚನೆ ಮಾಡ್ಬೇಡಿ ಮಾಸ್ಟ್ರೇ. ಗ್ರೂಪಿಗೆ ಹಾಕ್ಬಿಟ್ಟಿದ್ದೀನಿ" ಎಂದು ಫೋನ್ ತೋರಿಸಿದರು.

ಕಟ್ಟಡದ ಅರವತ್ನಾಲ್ಕು ಮನೆಗಳಿಗೂ ಹೋಗಿತ್ತು: 'ಬೀಳುವವರು ಬೇಕಾಗಿದ್ದಾರೆ. ಅನುಭವ ಬೇಡ. ವಯಸ್ಸಿನ ಮಿತಿ ಇಲ್ಲ. ಇಂದು ಒಂದೇ ದಿನ. ಆಸಕ್ತರು ಹತ್ತು ಗಂಟೆಗೆ ಟೆರೇಸಿನಲ್ಲಿ ಹಾಜರಿರತಕ್ಕದ್ದು.'

"ಭಾವ, ಇದೇನು ನೀರಿನ ಟ್ಯಾಂಕ್ ತೊಳೆಯೋ ಕೆಲಸಾನಾ? ಬೀಳೋದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು."

"ನಿಂತಿರೋದಕ್ಕೆ ಅಭ್ಯಾಸ ಬೇಕು ಮಾಸ್ಟ್ರೇ. ಬೀಳೋದಕ್ಕೆ ಯಾಕೆ? ನಮ್ಮ ಮನೇದು ಎರಡು ಹಳೇ ಹಾಸಿಗೆ ತರಿಸ್ತೀನಿ, ಬನ್ನಿ."

ಹತ್ತು ಗಂಟೆಗೆ ಟೆರೇಸಿನಲ್ಲಿ ಇಪ್ಪತ್ತೈದು ಜನ ಸೇರಿದ್ದರು. ಅದರಲ್ಲಿ ಬೀಳಲು ಬಂದವರು ಇಬ್ಬರು. ಮಿಕ್ಕವರು ನೋಡಲು ಬಂದವರು. ಒಣಗಿಹಾಕಿದ ಬಟ್ಟೆಗಳನ್ನು ಸರಿಸಿ ನಡುವೆ ಹಾಸಿಗೆ ಹಾಸಿದ್ದರು. ಮಾಸ್ಟರು ತಮ್ಮ ಏಳು ನೆರಿಗೆಯ ಕಪ್ಪು ಹಕಾಮಾ ತೊಟ್ಟು ಬಂದಾಗ, "ಅಯ್ಯೋ, ಲಂಗ ಚೆನ್ನಾಗಿದೆ" ಎಂದು ಯಾರೋ ಹೆಂಗಸು ಹೇಳಿದ್ದು ಅವರ ಕಿವಿಗೆ ಬಿತ್ತು. ಕೇಳಿಸದವರ ಹಾಗೆ ಮೋಡ ನೋಡಿದರು.

ಮೊದಲು ಬಂದವರು ಐದನೇ ಮಹಡಿಯ ನಿವೃತ್ತ ಫಿಸಿಕ್ಸ್ ಲೆಕ್ಚರರ್.

"ನನ್ನ ಮಣಿಕಟ್ಟು ಹಿಡೀರಿ ಸಾರ್" ಎಂದರು ಮಾಸ್ಟರು.

ಲೆಕ್ಚರರು ಹಿಡಿದರು. ಮಾಸ್ಟರು ಸೊಂಟ ತಿರುಗಿಸಿ ಒಂದು ಹೆಜ್ಜೆ ಇಟ್ಟರು. ಲೆಕ್ಚರರು ಕೈಬಿಟ್ಟರು.

"ಬಿಡಬಾರದು ಸಾರ್."

"ಬಿಡದೇ ಇದ್ರೆ ಬೀಳ್ತೀನಲ್ರೀ."

"ಅದಕ್ಕೇ ಅಲ್ವಾ ಬಂದಿರೋದು?"

"ಅದು ಸರಿ. ಆದ್ರೆ ಯಾವ ಬಲ ನನ್ನನ್ನ ಬೀಳಿಸ್ತಾ ಇದೆ ಅಂತ ಮೊದಲು ತಿಳೀಬೇಕು. ನಿಮ್ಮ ಭಾರ ಎಷ್ಟು? ತಿರುಗೋ ಕೋನ ಎಷ್ಟು?" ಲೆಕ್ಚರರು ಜೇಬಿನಿಂದ ಪೆನ್ನು ತೆಗೆದು ನೀರಿನ ಟ್ಯಾಂಕಿನ ಮೇಲೆ ಲೆಕ್ಕ ಶುರು ಮಾಡಿದರು. ಇಪ್ಪತ್ತು ನಿಮಿಷದ ಬಳಿಕ, ಮಾಸ್ಟರ ವಿದ್ಯೆಯಿಂದ ಯಾರೂ ಬೀಳುವುದು ಸಾಧ್ಯವಿಲ್ಲ ಎಂದು ಎಲ್ಲರೆದುರು ಸಾಬೀತು ಮಾಡಿ, ಮೈಕೈ ಮುಟ್ಟಿಸಿಕೊಳ್ಳದೆ ಕೆಳಗಿಳಿದು ಹೋದರು.

ಎರಡನೆಯವನು ನಾಟಕದ ನಟ. ಅವನಿಗೆ ಕಾರಣ ಬೇಕಿರಲಿಲ್ಲ. ಮಾಸ್ಟರು ಕೈ ಎತ್ತುವಷ್ಟರಲ್ಲೇ "ಆಹ್!" ಎಂದು ಚೀರಿ ಹಾಸಿಗೆಯ ಮೇಲೆ ಕುಸಿದ. ಹೊರಳಿದ. ಎದ್ದು ಮಂಡಿಯೂರಿ ಎದೆ ಹಿಡಿದುಕೊಂಡ. ಮತ್ತೆ ಬಿದ್ದ. ಬಿದ್ದಲ್ಲಿಂದಲೇ ಕೈ ಚಾಚಿ, "ತಾಯಿಗೆ ಹೇಳಿ, ಮಗ ಹೇಡಿಯಾಗಿ ಸಾಯಲಿಲ್ಲ ಅಂತ" ಎಂದು ಕಣ್ಣು ಮುಚ್ಚಿದ. ಇಡೀ ಟೆರೇಸು ಚಪ್ಪಾಳೆ ತಟ್ಟಿತು. ಇಬ್ಬರು ಅಜ್ಜಿಯರು ಕಣ್ಣೊರೆಸಿಕೊಂಡರು.

"ನಾನಿನ್ನೂ ಮುಟ್ಟೇ ಇಲ್ಲ" ಎಂದರು ಮಾಸ್ಟರು.

"ಅದು ನನ್ನ ಕಲೆ ಸಾರ್" ಎಂದ ನಟ, ಕಣ್ಣು ಮುಚ್ಚಿಕೊಂಡೇ.

ಮಾಸ್ಟರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಟೆರೇಸಿನ ಮೂಲೆಯ ಮೆಷಿನ್ ರೂಮಿನ ಬಾಗಿಲು ತೆರೆದು, ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಲಿಫ್ಟ್ ಮೆಕ್ಯಾನಿಕ್ ಹೊರಬಂದ. ಬಾಗಿಲಿನಷ್ಟೇ ಅಗಲದ ಆಳು. ಭಾವ ಅವನನ್ನು ತೋಳು ಹಿಡಿದು ಎಳೆತಂದು ನಿಲ್ಲಿಸಿದರು.

"ಸಾರ್ ಕೈ ಹಿಡ್ಕೋ."

ಮೆಕ್ಯಾನಿಕ್ ಹಿಡಿದ. ಮಾಸ್ಟರು ಉಸಿರು ಬಿಟ್ಟು, ಭುಜ ಸಡಿಲಿಸಿ, ಮೂವತ್ತು ವರ್ಷದ ವಿದ್ಯೆಯನ್ನೆಲ್ಲ ಸೊಂಟಕ್ಕೆ ತಂದು ತಿರುಗಿದರು. ಮೆಕ್ಯಾನಿಕ್ ಅಲುಗಲಿಲ್ಲ. ಇನ್ನೊಂದು ಕಡೆಗೆ ತಿರುಗಿದರು. ಅದೂ ಆಗಲಿಲ್ಲ. ಕೈ ಗೋಡೆಯೊಳಗೆ ಸಿಕ್ಕಿಕೊಂಡ ಹಾಗಿತ್ತು.

"ಶುರು ಮಾಡಿ ಸಾರ್" ಎಂದ ಮೆಕ್ಯಾನಿಕ್ ವಿನಯವಾಗಿ.

"ಶುರು ಮಾಡಿ ಆಯ್ತು. ನೀನು ಬೀಳ್ಬೇಕು."

"ಹೌದಾ! ನಾನು ಯಾವತ್ತೂ ಬಿದ್ದಿಲ್ಲ ಸಾರ್. ಏನೂ ಬೀಳದ ಹಾಗೆ ನೋಡ್ಕೊಳ್ಳೋದೇ ನಮ್ಮ ಕಸುಬು. ನನ್ನ ಕೈಯಲ್ಲಿ ಇವತ್ತಿಗೂ ಒಂದು ಲಿಫ್ಟೂ ಬಿದ್ದಿಲ್ಲ."

ಸುತ್ತ ನಿಂತವರೆಲ್ಲ ಮಾಸ್ಟರ ಮುಖ ನೋಡಿದರು. ಮಾಸ್ಟರು ಟ್ಯಾಂಕಿನ ಹಿಂದೆ ಹೋಗಿ ಟೈಲರನಿಗೆ ಫೋನ್ ಮಾಡಿದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವರ ತಲೆಗೆ ಬಾರದಿದ್ದ ಪ್ರಶ್ನೆಯೊಂದು ಈಗ ನಾಲಿಗೆಯ ತುದಿಗೆ ಬಂದಿತ್ತು.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಇಷ್ಟು ವರ್ಷ ನಾನು ನಿನ್ನ ಬೀಳಿಸ್ತಾ ಇದ್ನಾ, ಇಲ್ಲ ನೀನೇ ಬೀಳ್ತಾ ಇದ್ಯಾ?"

ಫೋನ್ ಇನ್ನೂ ಸ್ವಲ್ಪ ಹತ್ತಿರ ಹಿಡಿ ಎಂದು ಟೈಲರ್ ಹೆಂಡತಿಗೆ ಹೇಳಿದ್ದು ಕೇಳಿಸಿತು.

"ಎಂಥ ಮಾತು ಮಾಸ್ಟ್ರೇ! ನೀವೇ ಬೀಳಿಸ್ತಾ ಇದ್ದಿದ್ದು. ಸೋಮವಾರ ಒಂದಿನ ಮಾತ್ರ..."

"ಸೋಮವಾರ ಏನು?"

"ಸೋಮವಾರ ಗಿರಾಕಿಗಳಿಗೆ ಬಟ್ಟೆ ಕೊಡೋ ದಿನ ಅಲ್ವಾ? ಬೇಗ ಮುಗೀಲಿ ಅಂತ ಸ್ವಲ್ಪ ಮುಂಚೇನೇ ಬೀಳ್ತಿದ್ದೆ. ಆಮೇಲೆ ಚಳಿಗಾಲದಲ್ಲಿ... ಕೈ ತಿರುಚಿದ್ರೆ ನೋವಲ್ವಾ, ಅದಕ್ಕೆ. ಆಮೇಲೆ ನಿಮಗೆ ಬೇಜಾರಾಗಿರೋ ದಿನಗಳಲ್ಲಿ. ಮಿಕ್ಕಿದ್ದೆಲ್ಲ ನಿಮ್ಮದೇ ಮಾಸ್ಟ್ರೇ!"

ಮಾಸ್ಟರು ಫೋನ್ ಕೆಳಗಿಟ್ಟರು. ಮಿಕ್ಕಿದ್ದೆಷ್ಟು ಎಂದು ಲೆಕ್ಕ ಹಾಕುವ ಧೈರ್ಯವಾಗಲಿಲ್ಲ. ಒಂದು ಕ್ಷಣ ಅವರಿಗೆ ನಿಜವಾಗಿಯೂ ಅಳು ಬಂತು.

ಆದರೆ ಹಾಲ್ ಬಿಟ್ಟುಕೊಡುವ ಹಾಗಿರಲಿಲ್ಲ. ನಟನನ್ನು ಕರೆದೊಯ್ದರೆ ದೊಡ್ಡ ಗುರುಗಳೆದುರು ಭಾಷಣ ಮಾಡಿ ಸಾಯುತ್ತಾನೆ. ಕೊನೆಗೆ ಮೆಕ್ಯಾನಿಕ್ಕೇ ಗತಿಯಾದ. ಮಧ್ಯಾಹ್ನವಿಡೀ ಭಾವ ಅವನಿಗೆ ತರಬೇತಿ ಕೊಟ್ಟರು: ಮಾಸ್ಟರು ಕೆಮ್ಮಿದ ತಕ್ಷಣ ಬೀಳಬೇಕು, ದೊಡ್ಡ ಗುರುಗಳು ಏನೇ ಹೇಳಲಿ, ಹಣೆ ನೆಲಕ್ಕೆ ಮುಟ್ಟಿಸಬೇಕು. ಟೈಲರನ ಬಿಳಿ ಅಂಗಿ ತರಿಸಿ ತೊಡಿಸಿದರು. ತೋಳು ಮೊಳಕೈಗೇ ನಿಂತಿತು.

ಸಂಜೆ ಆರಕ್ಕೆ ಸರಿಯಾಗಿ ದೊಡ್ಡ ಗುರುಗಳು ಬಂದರು. ಎಂಬತ್ತೊಂದು ವರ್ಷ. ಒಣಗಿದ ಕಡ್ಡಿಯಂತೆ ಇದ್ದರು. ಅವರ ಹಿಂದೆಯೇ, ಎಲ್ಲ ಪ್ರದರ್ಶನಗಳಲ್ಲೂ ಅವರ ಕೈಯಲ್ಲಿ ಬೀಳುವ ಖಾಯಂ ಶಿಷ್ಯ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಕುಂಟುತ್ತ ಬಂದು ಕೂತ. ಗೋಡೆಯ ಪಕ್ಕದ ಬೆಂಚುಗಳಲ್ಲಿ ಭಾವನ ನೇತೃತ್ವದಲ್ಲಿ ಅರ್ಧ ಅಪಾರ್ಟ್‌ಮೆಂಟೇ ಕೂತಿತ್ತು.

ಚಾಪೆಯ ಮೇಲಿನ ಪದ್ಧತಿಯೇ ಬೇರೆ. ದೊಡ್ಡ ಗುರುಗಳ ಎದುರು ಅಲ್ಲಿ ಯಾರೂ ಬಾಯಿ ತೆರೆಯಬಾರದು. ಅವರು ಹೇಳಿದ್ದಕ್ಕೆ ಉತ್ತರ ಒಂದೇ, ಹಣೆ ನೆಲಕ್ಕೆ ತಾಗಿಸುವುದು. ಹಾಗೆಂದರೆ ಒಪ್ಪಿಗೆ. ಒಪ್ಪಿಗೆ ಇಲ್ಲ ಎಂದು ತಿಳಿಸಲು ಏನು ಮಾಡಬೇಕೆಂದು ಆ ಪದ್ಧತಿಯಲ್ಲಿ ಎಲ್ಲೂ ಹೇಳಿಲ್ಲ. ಈವರೆಗೆ ಯಾರಿಗೂ ಬೇಕಾಗಿರಲಿಲ್ಲವಂತೆ.

"ನಾಲ್ಕು ದಿಕ್ಕಿನ ಎಸೆತ" ಎಂದರು ದೊಡ್ಡ ಗುರುಗಳು.

ಮೆಕ್ಯಾನಿಕ್ ಬಂದು ಮಾಸ್ಟರ ಮಣಿಕಟ್ಟು ಹಿಡಿದ. ಮಾಸ್ಟರು ಕೆಮ್ಮಲು ನೋಡಿದರು. ಹೆದರಿಕೆಗೆ ಗಂಟಲು ಒಣಗಿ ಕೆಮ್ಮು ಹೊರಗೆ ಬರಲಿಲ್ಲ. ಗತಿಯಿಲ್ಲದೆ ಅವನ ಕೈಯಡಿ ನುಸುಳಿ ತಿರುಗಿದರು. ಮತ್ತೆ ನೋಡಿದರೆ, ಪವಾಡವೆಂಬಂತೆ, ಮೆಕ್ಯಾನಿಕ್ಕನ ಕಾಲು ಜಾರಿತು! ಎಸೆತ ನಿಜಕ್ಕೂ ಹತ್ತಿತ್ತು. ಮಾಸ್ಟರಿಗೆ ರೋಮಾಂಚನವಾಯಿತು.

ಆದರೆ ಲಿಫ್ಟಿನ ಗುಂಡಿಯಲ್ಲಿ ಕಾಲು ಜಾರಿದವನು ಹಿಡಿದದ್ದನ್ನು ಬಿಡುವುದಿಲ್ಲ. ಇನ್ನಷ್ಟು ಗಟ್ಟಿ ಹಿಡಿದು ಕುಕ್ಕರುಗಾಲಲ್ಲಿ ಕೂತುಬಿಡುತ್ತಾನೆ. ಮೆಕ್ಯಾನಿಕ್ ಕೂತ. ಅವನ ಕೈಯ ತುದಿಯಲ್ಲಿದ್ದ ಮಾಸ್ಟರು ಗಾಳಿಗೆ ಎದ್ದರು.

ಬೆಂಚಿನಲ್ಲಿದ್ದವರು ಹೋ ಎಂದರು. ಮಾಸ್ಟರು ಕಣ್ಣು ಮುಚ್ಚಿಕೊಂಡರು. ಇಪ್ಪತ್ತೆರಡು ವರ್ಷದಿಂದ ಬೀಳದ ಮೈ ಮಾತ್ರ ಯಾರನ್ನೂ ಕೇಳದೆ ತನ್ನ ಕೆಲಸ ತಾನು ಮಾಡಿತು. ಮುಂಗೈ, ಭುಜ, ಅಡ್ಡಬೆನ್ನು, ಸೊಂಟ, ಒಂದಾದ ಮೇಲೊಂದು ಚಾಪೆ ಸವರಿಕೊಂಡು ಹೋದವು. ಸದ್ದೇ ಆಗಲಿಲ್ಲ. ಕಣ್ಣು ಬಿಟ್ಟರೆ ಎದ್ದು ನಿಂತಿದ್ದರು, ಹಕಾಮಾದ ನೆರಿಗೆ ಕೂಡ ಕೆಟ್ಟಿರಲಿಲ್ಲ.

ಮೆಕ್ಯಾನಿಕ್ ಬೆದರಿ ಹಣೆ ನೆಲಕ್ಕೆ ಚಚ್ಚಿಕೊಂಡ. ದೊಡ್ಡ ಗುರುಗಳು ಒಂದು ಬೆರಳು ಎತ್ತಿದರು. "ಇನ್ನೊಂದು ಸಲ."

ಇನ್ನೊಂದು ಸಲವೂ ಮಾಸ್ಟರೇ ಹಾರಿದರು. ಮೂರನೇ ಸಲವೂ ಅಷ್ಟೇ. ನಾಲ್ಕನೇ ಸಲ ನಟ ತಡೆಯಲಾರದೆ "ಒನ್ಸ್ ಮೋರ್!" ಎಂದು ಕೂಗಿದ. ಮಾಸ್ಟರು ಎದ್ದು ನಿಂತರು. ಮುಗಿಯಿತು, ಹಾಲ್ ಹೋಯಿತು ಎಂದುಕೊಂಡರು. ಗೋಡೆಯ ಮೇಲಿನ ತಮ್ಮ ಗುರುವಿನ ಪಟದ ಕಡೆ ನೋಡಲು ಅವರಿಗೆ ಮುಖವಿರಲಿಲ್ಲ.

ಆಗ ದೊಡ್ಡ ಗುರುಗಳು ಎದ್ದರು. ನಿಧಾನವಾಗಿ ಚಾಪೆಯ ನಡುವೆ ಬಂದು ತಮ್ಮ ಕೈಯನ್ನೇ ಮುಂದೆ ಚಾಚಿದರು.

ಮಾಸ್ಟರು ಆ ಮಣಿಕಟ್ಟು ಹಿಡಿದರು. ಒಳಗೆ ಮೂಳೆಯೇ ಇಲ್ಲವೇನೋ ಅನ್ನುವಷ್ಟು ಹಗುರ. ತಾವು ಒಂದಿಷ್ಟು ಬಿಗಿಹಿಡಿದರೂ ಈ ಮುದುಕರು ಇಲ್ಲೇ ಮುರಿದುಬೀಳುತ್ತಾರೆ, ನಾಳೆ ಪೊಲೀಸರಿಗೆ ಉತ್ತರ ಹೇಳಬೇಕಾಗುತ್ತದೆ ಎಂದು ಹೆದರಿದರು. ದೊಡ್ಡ ಗುರುಗಳ ತೋಳು ಅಲುಗಿತೋ ಇಲ್ಲವೋ, ಮಾಸ್ಟರು ದೂರ ಹೋಗಿ ಬಿದ್ದು ಎದ್ದರು. ಗುರುಗಳ ಕಣ್ಣು ಅಗಲವಾಯಿತು. ಮತ್ತೆ ಕೈ ಚಾಚಿದರು. ಮಾಸ್ಟರು ಮತ್ತೆ ಬಿದ್ದರು, ಈ ಸಲ ಇನ್ನೂ ಒಂದು ಚೂರು ಮುಂಚೆ. ಹೀಗೆ ಅರ್ಧ ಗಂಟೆ. ಮುದುಕರ ಕೆನ್ನೆಗೆ ಬಣ್ಣ ಬಂತು, ಬೆನ್ನು ನೆಟ್ಟಗಾಯಿತು. ಮೂಲೆಯಲ್ಲಿ ಕುತ್ತಿಗೆ ಪಟ್ಟಿಯವನು ಬಿಕ್ಕಿಬಿಕ್ಕಿ ಅಳುತ್ತಿದ್ದ. ಅದು ಸಂತೋಷದ ಅಳು ಎಂದು ಮಾಸ್ಟರಿಗೆ ಅರ್ಥವಾದದ್ದು ತಡವಾಗಿ.

ದೊಡ್ಡ ಗುರುಗಳು ತಮ್ಮ ಜಾಗಕ್ಕೆ ಮರಳಿದರು. ಮಾಸ್ಟರು ಎದುರು ಮಂಡಿಯೂರಿ ಕೂತರು. ಪಕ್ಕದಲ್ಲಿ ಮೆಕ್ಯಾನಿಕ್.

"ಎಷ್ಟೋ ವರ್ಷದ ಮೇಲೆ ಇವತ್ತು ಒಬ್ಬ ನಿಜವಾಗಿ ಬಿದ್ದ" ಎಂದರು ದೊಡ್ಡ ಗುರುಗಳು. "ಮಿಕ್ಕವರೆಲ್ಲ ನನ್ನ ಮುಖ ನೋಡಿ ಬೀಳ್ತಾರೆ. ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾರೆ. ಐದನೇ ದರ್ಜೆ ಕೊಟ್ಟಿದ್ದೇನೆ. ಈ ಹಾಲ್ ಇನ್ನು ಯಾರ ಶಾಖೆಯೂ ಅಲ್ಲ."

ಮಾಸ್ಟರ ಕಣ್ಣಲ್ಲಿ ನೀರು ತುಂಬಿತು. ಹಣೆ ನೆಲಕ್ಕೆ ಮುಟ್ಟಿಸಿದರು. ಬೆಂಚಿನ ಕಡೆಯಿಂದ ಚಪ್ಪಾಳೆ. ಭಾವ ಶಿಳ್ಳೆ ಹೊಡೆದರು.

"ಒಕ್ಕೂಟದ ನಲವತ್ತೊಂದು ಹಾಲ್‌ಗಳಿಗೂ ಹೋಗಿ ಪ್ರದರ್ಶನ ಕೊಡಬೇಕಿದೆ. ಎರಡೂವರೆ ವರ್ಷದ ಪ್ರವಾಸ. ನನ್ನ ಜೊತೆ ಬೀಳುತ್ತಿದ್ದವನಿಗೆ ಕುತ್ತಿಗೆ ಹೋಗಿದೆ. ನಾಳೆಯಿಂದ ಅವನ ಜಾಗದಲ್ಲಿ ನೀನು."

ಮಾಸ್ಟರು ಬಾಯಿ ತೆರೆದರು. ಕುತ್ತಿಗೆ ಪಟ್ಟಿಯವನು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಇಲ್ಲ ಎನ್ನಲು ಏನು ಮಾಡಬೇಕು? ತಲೆ ಅಲ್ಲಾಡಿಸಬೇಕೆ? ಕೈ ಎತ್ತಬೇಕೆ? ಎದ್ದು ಓಡಬೇಕೆ? ತಿಳಿಯದೆ, ಯೋಚಿಸಲಾದರೂ ಒಂದಿಷ್ಟು ಸಮಯ ಸಿಗಲೆಂದು, ಹಣೆ ನೆಲಕ್ಕೆ ಇಟ್ಟರು.

"ನೀನು ಬರುವ ತನಕ ಹಾಲ್ ನೋಡಿಕೊಳ್ಳಲು ಹೊರಗಿನವರನ್ನು ಹುಡುಕಬೇಕಾಗಿಲ್ಲ" ಎಂದು ದೊಡ್ಡ ಗುರುಗಳು ಮೆಕ್ಯಾನಿಕ್ಕನ ಕಡೆ ತಿರುಗಿದರು. "ಐದನೇ ದರ್ಜೆಯವನನ್ನು ನಾಲ್ಕು ಸಲ ಎಸೆದ ಇಂಥ ಶಿಷ್ಯ ಇರುವಾಗ! ದರ್ಜೆಯ ನಿಯಮ ನಾನೇ ಸಡಿಲಿಸುತ್ತೇನೆ. ಹಾಲ್ ಇವನಿಗೆ ಒಪ್ಪಿಸಿದ್ದೇನೆ."

ಭಾವ ಕಲಿಸಿಕೊಟ್ಟಿದ್ದ ಹಾಗೆ ಮೆಕ್ಯಾನಿಕ್ ತಕ್ಷಣ ಹಣೆ ಮುಟ್ಟಿಸಿದ. ದೊಡ್ಡ ಗುರುಗಳು ಗೋಡೆಯ ಮೊಳೆಯಿಂದ ಬೀಗದಕೈ ಇಳಿಸಿ ಅವನ ಗ್ರೀಸು ಕೈಗೆ ಕೊಟ್ಟರು. ಭಾವ ಚಾಪೆಗೇ ನುಗ್ಗಿ, ಖರ್ಚಿಲ್ಲದೆ ಹಾಲ್‌ಗೆ ಸುಣ್ಣ ಹೊಡೆಸುವ ಜವಾಬ್ದಾರಿ ತಮ್ಮದೆಂದು ಘೋಷಿಸಿದರು.

"ನಾಳೆ ಬೆಳಿಗ್ಗೆ ಐದೂವರೆಗೆ ಬಸ್ಸು" ಎಂದರು ದೊಡ್ಡ ಗುರುಗಳು. "ಒಪ್ಪಿಗೆ ತಾನೇ?"

ಮಾಸ್ಟರು ಎರಡನೇ ಸಲ ಇಟ್ಟ ಹಣೆಯನ್ನು ಇನ್ನೂ ಎತ್ತಿರಲಿಲ್ಲ. ಎತ್ತಿದರೆ ಮತ್ತೆ ಇಡಬೇಕಾಗುತ್ತದೆ. ಎತ್ತದಿದ್ದರೂ ಅದರರ್ಥ ಒಪ್ಪಿಗೆಯೇ. ಮೂಗು ಚಾಪೆಗೆ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕವುಚಿಟ್ಟ ಬೋಗುಣಿಯ ಹಾಗೆ ಅಲ್ಲೇ ಉಳಿದರು.

ದೊಡ್ಡ ಗುರುಗಳು ಎದ್ದು ನಿಂತರು. ನೆರೆದವರ ಕಡೆ ತಿರುಗಿ, "ನೋಡಿ, ಕಲಿತುಕೊಳ್ಳಿ. ಎಂಥ ವಿನಯ!" ಎಂದರು.